ಮಡಿಸದೆ ಕತ್ತರಿಸಿದ ರವಿಕೆ

ಹುಡುಗಿಯೊಬ್ಬಳು ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ಟೈಲರಮ್ಮ ತಲೆಯೆತ್ತಿ ನೋಡಲೂ ಇಲ್ಲ. ಶಾಲೆ ಶುರುವಾಗಲು ಹತ್ತು ದಿನವಿತ್ತು. ನಲವತ್ತೆರಡು ಅಂಗಿಗಳಿಗೆ ಕಾಲರು ಕೂರಿಸುವುದಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಕೆಳಗೆ ಎರಡು ಹೊಲಿಗೆ ಯಂತ್ರ, ನಡುವೆ ಕತ್ತರಿಸುವ ಮೇಜು, ಮೂಲೆಯಲ್ಲಿ ಮೋಟು ಸ್ಟೂಲಿನ ಮೇಲೆ ಅವಳ ಅತ್ತೆ. ಹುಕ್ಕು, ಗುಂಡಿ, ಹೆಮ್ಮಿಂಗು ಎಲ್ಲ ಅತ್ತೆಯ ಪಾಲು. ಅತ್ತೆಯ ಸೂಜಿ ಒಂದು ಗಳಿಗೆ ನಿಂತರೂ ನಿಲ್ಲಬಹುದು, ನಾಲಿಗೆ ನಿಲ್ಲುವ ಜಾತಿಯದಲ್ಲ.

"ಶಾಲೆ ಶುರುವಾಗೋ ತನಕ ಹೊಸ ಕೆಲಸ ಹಿಡಿಯಲ್ಲಮ್ಮ" ಎಂದಳು ಟೈಲರಮ್ಮ, ಯಂತ್ರ ತುಳಿಯುತ್ತಲೇ.

"ಹೊಸದಲ್ಲ ಅಕ್ಕಾ, ಹಳೇದು" ಎಂದಳು ಹುಡುಗಿ. "ನೋಡಿ ಬೇಡ ಅಂದ್ರೆ ತಗೊಂಡು ಹೋಗ್ತೀನಿ."

ಡಬ್ಬಿಯ ಮುಚ್ಚಳ ತೆಗೆದು, ಹಳೆಯ ಬಿಳಿ ಬಟ್ಟೆ ಬಿಚ್ಚಿ, ಒಂದು ರವಿಕೆಯನ್ನು ಮೇಜಿನ ಮೇಲೆ ಹರಡಿದಳು. ಟೈಲರಮ್ಮನ ಕಾಲು ತಾನಾಗಿಯೇ ನಿಂತಿತು.

ಬೆಳಕಿಗೆ ತಾಮ್ರ, ನೆರಳಿಗೆ ಕಂದು ಬಣ್ಣದ ರೇಷ್ಮೆ. ಕತ್ತಿಗೆ ಎರಡು ಬೆರಳಗಲದ ನಿಂತ ಕಾಲರು. ಎದೆಯ ಎರಡೂ ಕಡೆ, ಹೆಗಲಿನಿಂದ ಸೊಂಟದ ತನಕ, ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣಸಣ್ಣ ಮಡಿಕೆಗಳು, ಒಂದೊಂದು ಕಡೆಗೂ ಹನ್ನೊಂದು. ನಡುವೆ ಮೆಣಸಿನ ಕಾಳಿನಷ್ಟು ಗಾತ್ರದ ಗುಂಡಿಗಳು, ಪ್ರತಿಯೊಂದಕ್ಕೂ ಅದೇ ರೇಷ್ಮೆಯ ಹೊದಿಕೆ. ಹೆಗಲಲ್ಲಿ ನೆರಿಗೆ ಹಿಡಿದು ಉಬ್ಬಿಸಿ, ಮೊಣಕೈಗಿಂತ ತುಸು ಮೇಲೆ ಬಂದು ಪಟ್ಟಿಯಲ್ಲಿ ಮುಗಿಯುವ ಬುಗ್ಗೆ ತೋಳು. ಈಗಿನವರು ಮತ್ತೆ ಹಳೇ ನಮೂನೆ ಅಂತ ಫೋನಿನಲ್ಲಿ ಚಿತ್ರ ತೋರಿಸಿ ಕೇಳುವುದು ಇದನ್ನೇ. ಅವಳೂ ಅಂಥವು ಹತ್ತಾರು ಹೊಲಿದಿದ್ದಳು. ಆದರೆ ಇದರ ಮುಂದೆ ಅವೆಲ್ಲ ಈ ರವಿಕೆಯ ಕಥೆಯನ್ನು ಯಾರದೋ ಬಾಯಲ್ಲಿ ಕೇಳಿ ಹೊಲಿದಂತಿದ್ದವು.

"ನಮ್ಮಜ್ಜಿದು. ನನ್ನ ವಯಸ್ಸಲ್ಲಿ ಹಾಕ್ಕೊಂಡಿದ್ದು" ಎಂದಳು ಹುಡುಗಿ. "ಈ ಭಾನುವಾರ ಅಜ್ಜಿಗೆ ಎಂಬತ್ತು ತುಂಬುತ್ತೆ. ಇದನ್ನ ಹಾಕ್ಕೊಂಡು ಅಜ್ಜಿ ತೆಗೆಸಿಕೊಂಡಿರೋ ಫೋಟೋ ಒಂದಿದೆ. ಹಾಗೇ ನಿಂತು ನಾನೂ ಒಂದು ತೆಗೆಸ್ಕೋಬೇಕು, ಪಕ್ಕದಲ್ಲಿ ಅಜ್ಜೀನ ಕೂರಿಸ್ಕೊಂಡು. ಇದೇ ನನಗೆ ಸರಿಯಾಗಿ ಆಗುತ್ತೆ ಅಕ್ಕಾ, ಹೇಳಿ ಮಾಡಿಸಿದ ಹಾಗೆ. ಆದ್ರೆ ಕೈ ಎತ್ತಿದ್ರೆ ಪರ್ ಅನ್ನುತ್ತೆ. ನೋಡಿ, ಕಂಕುಳಲ್ಲಿ ಎರಡು ಕಡೆ ಹೋಗೇಬಿಟ್ಟಿದೆ."

ಡಬ್ಬಿಯ ತಳದಿಂದ ಇನ್ನೊಂದು ತುಂಡು ಹೊರಬಂತು. ಅದೇ ತಾಮ್ರ, ಅದೇ ಹೊಳಪು, ಕತ್ತರಿ ಮುಟ್ಟದ್ದು.

"ಅಜ್ಜಿಗೆ ತಂಗಿ ಒಬ್ರಿದ್ರು. ಇಬ್ಬರಿಗೂ ಒಂದೇ ಥಾನಿನಿಂದ ತಂದಿದ್ರಂತೆ. ತಂಗಿದು ಹೊಲಿಸೋ ಹೊತ್ತಿಗೆ ಅವರೇ ಇರ್ಲಿಲ್ಲ. ಅರವತ್ತು ವರ್ಷದಿಂದ ಅಜ್ಜಿ ಇದನ್ನ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ. ಮೊನ್ನೆ ತಾವೇ ತೆಗೆದು ಕೊಟ್ರು."

ಟೈಲರಮ್ಮ ತುಂಡನ್ನು ಅಳೆದಳು. ಒಂದು ರವಿಕೆಗೆ ಬೇಕಾದಷ್ಟಿತ್ತು, ಎರಡನೇ ಸಲಕ್ಕಿರಲಿಲ್ಲ. ತಪ್ಪಿದರೆ ಈ ಬಣ್ಣ, ಈ ನೇಯ್ಗೆ, ಆ ತಂಗಿಯ ಪಾಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಹಳೇದನ್ನ ಬಿಚ್ಚಿ ಅಳತೆ ತಗೊಂಡು ಈ ತುಂಡಲ್ಲಿ ಅಂಥದ್ದೇ ಹೊಲ್ದುಕೊಡಿ ಅಕ್ಕಾ, ಅಜ್ಜಿ ಒಪ್ಪಿದ್ದಾರೆ" ಎಂದಳು ಹುಡುಗಿ. "ಗುರುವಾರ ಅಜ್ಜೀನೂ ಕರ್ಕೊಂಡು ಬರ್ತೀನಿ, ಹಾಕಿ ನೋಡೋಕೆ."

ಬೇಡ ಅನ್ನಲು ಬಾಯಿ ತೆರೆದ ಟೈಲರಮ್ಮ, "ಮಧ್ಯಾಹ್ನದ ಮೇಲೆ ಬನ್ನಿ" ಎಂದುಬಿಟ್ಟಳು.

ಹುಡುಗಿ ಹೋದದ್ದೇ ತಡ, ಅತ್ತೆ ಶುರುಮಾಡಿದರು. "ನಲವತ್ತೆರಡು ಅಂಗಿ ಯಾರು, ನಿನ್ನ ಗಂಡ ಹೊಲಿತಾನಾ?"

"ಅವರು ಬಸ್ಸು ಓಡಿಸೋದು ಬಿಟ್ಟು ಬಂದ್ರೆ ಕೂರಿಸಿ ಅತ್ತೆ, ನನ್ನದೇನೂ ಅಡ್ಡಿಯಿಲ್ಲ."

"ಮನೆಯವರಿಗೆ ಹೊಲಿಯೋಕೆ ಕೈ ಬಿಡುವಿಲ್ಲ. ನೀನು ಹೊಲಿದಿದ್ದು ಒಂದಾದರೂ ನನಗೆ ಸರಿಯಾಗಿ ಕೂತಿದ್ಯಾ? ಬೆನ್ನಲ್ಲಿ ಎತ್ತಿಕೊಂಡು ನಿಲ್ಲುತ್ತೆ, ಕೊಕ್ಕರೆ ಬಾಲದ ಥರ."

"ನೀವು ನೆಟ್ಟಗೆ ಕೂತ್ರೆ ಅದೂ ನೆಟ್ಟಗೆ ಕೂರುತ್ತೆ" ಎಂದ ಟೈಲರಮ್ಮ ರವಿಕೆಯ ಒಳಗನ್ನು ಹೊರಗೆ ಮಾಡಿದಳು.

ಕಿಟಕಿಯ ಬೆಳಕಿಗೆ ಹಿಡಿದಳು.

ರವಿಕೆಗೆ ಒಳಗು ಎನ್ನುವುದೇ ಇರಲಿಲ್ಲ. ಸಾಮಾನ್ಯವಾಗಿ ಒಳಗೆ ತಿರುಗಿಸಿದರೆ ಎಳೆ ಎಳೆ ಬಿಟ್ಟ ಅಂಚು, ಗಂಟು, ದರ್ಜಿಯ ಅವಸರ ಎಲ್ಲ ಕಣ್ಣಿಗೆ ಬೀಳುತ್ತವೆ. ಹೊರಗಿನದು ಗಿರಾಕಿಗೆ, ಒಳಗಿನದು ದೇವರಿಗೆ ಅಂತ ಅವಳಿಗೆ ಕಲಿಸಿದಾಕೆ ಹೇಳುತ್ತಿದ್ದಳು. ಹೇಳಿ, ದೇವರ ಪಾಲನ್ನು ಗೀಚಿಹಾಕುತ್ತಿದ್ದಳು. ಇಲ್ಲಿ ಪ್ರತಿ ಅಂಚನ್ನೂ ಮಡಿಸಿ, ಮಡಿಕೆಯೊಳಗೆ ಮಡಿಕೆ ಸೇರಿಸಿ, ಒಂದು ಬಿಡಿ ಎಳೆಯೂ ಕಾಣದ ಹಾಗೆ ಹೊಲಿದಿತ್ತು. ಕಂಕುಳಲ್ಲಿ ಅಂಗೈಯ ಅರ್ಧದಷ್ಟು ಚೌಕದ ತುಂಡೊಂದನ್ನು ಮೂಲೆ ತಿರುಗಿಸಿ ಕೂರಿಸಿತ್ತು, ಕೈ ಎತ್ತಿದರೆ ಮೈಯೆಲ್ಲ ಎದ್ದು ಬರದಿರಲಿ ಎಂದು. ಹರಿದದ್ದು ಆ ತುಂಡಿನ ಪಕ್ಕದ ರೇಷ್ಮೆ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

ಅವಳು ಕನ್ನಡಕ ಏರಿಸಿ, ಗುಂಡುಸೂಜಿಯ ಮೊನೆಯಿಂದ ಒಂದಿಂಚಿನೊಳಗಿನ ಹೊಲಿಗೆ ಎಣಿಸಿದಳು. ಇಪ್ಪತ್ತೆರಡು. ನಂಬದೆ ಇನ್ನೊಂದು ಕಡೆ ಎಣಿಸಿದಳು. ಇಪ್ಪತ್ತೆರಡು. ಮತ್ತೆ ಹೊಲಿಗೆಯ ಹಿಂಬದಿ ತಿರುಗಿಸಿ ನೋಡಿದಳು. ಅಲ್ಲಿ ಎಳೆಗಳು ಒಂದರ ಮೇಲೊಂದು ಏರಿದ್ದವು, ಕೈಸೂಜಿ ಹಿಂದಿರುಗಿ ಕಚ್ಚಿದಾಗ ಬರುವ ಹಾಗೆ.

"ಅತ್ತೆ, ಇದು ಮಿಷಿನ್ ಅಲ್ಲ."

"ಮತ್ತೆ?"

"ಕೈ. ಪೂರ್ತಿ ಕೈ ಹೊಲಿಗೆ."

ಅತ್ತೆ ಸ್ಟೂಲಿನಿಂದ ಎದ್ದು ಬಂದರು. ನಲವತ್ತು ವರ್ಷ ಸೂಜಿ ಹಿಡಿದ ಬೆರಳನ್ನು ಆ ಹೊಲಿಗೆಯ ಮೇಲೆ ಮೆಲ್ಲಗೆ ಆಡಿಸಿದರು, ಹಸುಗೂಸಿನ ಹುಬ್ಬು ಸವರಿದಂತೆ. ಅತ್ತೆ ಏನೂ ಹೇಳದೆ ಇದ್ದದ್ದನ್ನು ಟೈಲರಮ್ಮ ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

"ಇದನ್ನ ಹೊಲಿದವನು ಮನುಷ್ಯನಾ, ಜೇಡನಾ?" ಎಂದರು ಕೊನೆಗೆ.

ಬಿಚ್ಚುವ ಮಾತೇ ಇರಲಿಲ್ಲ. ಬ್ಲೇಡು ಕೈಗೆ ತೆಗೆದುಕೊಂಡಳು, ಮೊದಲ ಹೊಲಿಗೆಯ ಹತ್ತಿರ ಒಯ್ದಳು, ವಾಪಸ್ ಇಟ್ಟಳು. ಇಂಥದ್ದನ್ನು ಬಿಚ್ಚಲು ಕೈ ಬರಬೇಕಾದರೆ ಎದೆ ಕಲ್ಲಾಗಿರಬೇಕು. ಬಿಚ್ಚದೆಯೇ ಅಳತೆ ತೆಗೆಯುವ ದಾರಿ ಎಲ್ಲ ದರ್ಜಿಗಳಿಗೂ ಗೊತ್ತು: ರವಿಕೆಯನ್ನು ನಡುವಿಗೆ ಸರಿಯಾಗಿ ಮಡಿಸಿ, ಕಾಗದದ ಮೇಲೆ ಮಲಗಿಸಿ, ಅರ್ಧದ ಸುತ್ತ ಗೆರೆ ಎಳೆಯುವುದು. ಆಮೇಲೆ ಬಟ್ಟೆಯನ್ನೂ ಎರಡು ಪದರ ಮಾಡಿ, ಒಂದೇ ಕತ್ತರಿಗೆ ಎಡ ಬಲ ಎರಡೂ. ಅರ್ಧ ಗೊತ್ತಾದರೆ ಪೂರ್ತಿ ಗೊತ್ತಾದ ಹಾಗೆ. ಹದಿನೆಂಟು ವರ್ಷದಿಂದ ಅವಳು ಕತ್ತರಿಸುತ್ತಿದ್ದದ್ದು ಹಾಗೆಯೇ.

ಮಡಿಸಿದಳು. ಸೊಂಟಕ್ಕೆ ಸೊಂಟ ಕೂತಿತು, ಕಾಲರಿಗೆ ಕಾಲರು. ಹೆಗಲಿಗೆ ಹೆಗಲು ಮಾತ್ರ ಕೂರಲಿಲ್ಲ. ಎಡಹೆಗಲ ತುದಿ ಬಲಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು.

"ಬಟ್ಟೆ ಎಳೆದುಹೋಗಿದೆ" ಎಂದಳು ಟೈಲರಮ್ಮ. "ಅರವತ್ತು ವರ್ಷ ಅಂದ್ರೆ ಹುಡುಗಾಟನಾ?"

"ಗುಂಡಿ ಬಟ್ಟೆ ಕೂಡ ಅಳೆದು ಹೊದಿಸಿದವನು ಹೆಗಲು ಎಳೆಯೋಕೆ ಬಿಟ್ನಾ?"

"ಎಂಥಾ ಕುದುರೆಯಾದ್ರೂ ಒಂದ್ಸಲ ಎಡವುತ್ತೆ ಅತ್ತೆ."

ಬಲಗಡೆ ಬಿಸಿಲಿಗೆ ಮಾಸಿ, ಬಟ್ಟೆ ಜಾಳಾಗಿತ್ತು. ಎಡಗಡೆ ಗಟ್ಟಿಯಾಗಿತ್ತು. ಎಡವನ್ನೇ ಮೇಲಕ್ಕಿಟ್ಟು ಗೆರೆ ಎಳೆದಳು.

ಒಂದು ವಿಷಯದಲ್ಲಿ ಮಾತ್ರ ಅವಳು ತನ್ನ ರೂಢಿ ಬಿಟ್ಟಳು. ರವಿಕೆಯ ಹೆಗಲಿನ ಹೊಲಿಗೆಯ ಒಳಗೆ ಆ ಹಳೆಯ ದರ್ಜಿ ಒಂದಿಂಚು ಬಟ್ಟೆ ಬಿಟ್ಟಿದ್ದ, ಪಕ್ಕೆಯಲ್ಲೂ ಅಷ್ಟೇ. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಡಿಸಿ ಮಲಗಿಸಿದ್ದನೆಂದರೆ ಮುಟ್ಟಿದರೆ ಮಾತ್ರ ಗೊತ್ತಾಗಬೇಕು. ಟೈಲರಮ್ಮ ಯಾವತ್ತೂ ಬಿಡುತ್ತಿದ್ದದ್ದು ಅರ್ಧ ಇಂಚಿಗೂ ಕಡಿಮೆ. ಬಿಟ್ಟರೆ ಬಟ್ಟೆ ದಂಡ ಎನ್ನುವ ಗಿರಾಕಿಗಳೇ ಹೆಚ್ಚು. ಈ ಸಲ ಅವಳು ಅವನು ಬಿಟ್ಟಷ್ಟನ್ನೂ ಬಿಟ್ಟಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಅಂಥ ಕೈ ಸುಮ್ಮನೆ ಒಂದು ಕೆಲಸ ಮಾಡಿರಲಾರದು ಎಂಬ ಭಯಭಕ್ತಿ, ಅಷ್ಟೇ.

"ಒಳಗೆ ಇನ್ನೊಂದು ರವಿಕೆ ಹೊಲಿತಿದ್ದೀಯಾ?" ಎಂದರು ಅತ್ತೆ.

ಮೊದಲು ಮಡಿಕೆ, ಆಮೇಲೆ ಕತ್ತರಿ. ಇಡೀ ತುಂಡಿನ ಮೇಲೆ ಹನ್ನೊಂದು ಹನ್ನೊಂದು ಸಣ್ಣ ಮಡಿಕೆ ಹಿಡಿದು ಹೊಲಿಯಲು ಎರಡು ದಿನದ ಬಿಡುವೆಲ್ಲ ಹೋಯಿತು. ಒಂದು ಅಂಗಿ, ಎರಡು ಮಡಿಕೆ. ಮಕ್ಕಳಿಗೆ ಊಟ, ಇನ್ನೊಂದು ಮಡಿಕೆ. ಮಡಿಕೆ ಮುಗಿದ ಮೇಲೆ ರೇಷ್ಮೆಯನ್ನು ಎರಡು ಪದರ ಮಾಡಿ ಕತ್ತರಿಸಿದಳು. ಕತ್ತರಿಯ ಸದ್ದು ಮುಗಿಯುವ ತನಕ ಅತ್ತೆಯೂ ಕೆಮ್ಮಲಿಲ್ಲ. ರೇಷ್ಮೆಯಲ್ಲಿ ಯಂತ್ರದ ಸೂಜಿಯ ತೂತು ಮುಚ್ಚುವುದಿಲ್ಲವೆಂದು ಹೆಗಲು ಮತ್ತು ತೋಳುಗಳನ್ನು ಸಣ್ಣ ಸೂಜಿಯಲ್ಲಿ, ಎಳೆದರೆ ಬಿಚ್ಚಿಬರುವ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿದಳು.

ಗುರುವಾರ ಮಧ್ಯಾಹ್ನ ಹುಡುಗಿ ಬಂದಳು, ಅಜ್ಜಿಯ ತೋಳು ಹಿಡಿದುಕೊಂಡು. ಅಜ್ಜಿ ಸಣ್ಣ ಆಳು, ಬಿಳಿ ತುರುಬು. ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿನ ಹೊಸ ರವಿಕೆ ನೋಡಿದರು. ಮುಟ್ಟಲಿಲ್ಲ.

"ನನ್ನ ತಂಗಿ ಇದ್ದಿದ್ರೆ ಇಷ್ಟು ಹೊತ್ತಿಗೆ ಕಿತ್ತಾಡಿರ್ತಿದ್ಲು, ಯಾರದು ಚೆನ್ನಾಗಿದೆ ಅಂತ" ಎಂದರು.

ಹುಡುಗಿ ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು.

ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು.

ಎಡಗಡೆ ನೀರು ನಿಂತ ಹಾಗೆ ಕೂತಿತ್ತು. ಬಲಹೆಗಲ ತುದಿಯಲ್ಲಿ ಬಟ್ಟೆ ಬಿಗಿದು, ಅಲ್ಲಿಂದ ಎದೆಗೆ ಓರೆಯಾಗಿ ಒಂದು ಸುಕ್ಕು ಬಿದ್ದಿತ್ತು. ಆ ಕಡೆ ಕಾಲರು ಕತ್ತಿನಿಂದ ದೂರ ಬಾಯಿ ಬಿಟ್ಟು ನಿಂತಿತ್ತು. ಎಳೆದರೆ ಸರಿಯಾಗುತ್ತಿತ್ತು, ಬಿಟ್ಟರೆ ಮತ್ತೆ ಅದೇ. ಹುಡುಗಿ ಕನ್ನಡಿಯಲ್ಲಿ ಸುಕ್ಕನ್ನೂ ಅಜ್ಜಿಯನ್ನೂ ನೋಡಿ, "ಪರವಾಗಿಲ್ಲ ಅಕ್ಕಾ, ಫೋಟೋದಲ್ಲಿ ಅಷ್ಟು ಕಾಣಲ್ಲ" ಎಂದಳು. ಆ ಪರವಾಗಿಲ್ಲ ಬೈಗುಳಕ್ಕಿಂತ ಜೋರಾಗಿ ತಾಗಿತು. ಬೇರೆ ಬಟ್ಟೆಯಾಗಿದ್ದರೆ ತಂದು ಹೊಲಿದುಕೊಡಬಹುದಿತ್ತು. ಇದು ಅರವತ್ತು ವರ್ಷ ಡಬ್ಬಿಯಲ್ಲಿ ಕಾದ ತುಂಡು.

"ಒಂದು ನಿಮಿಷ" ಎಂದಳು ಟೈಲರಮ್ಮ. "ಹಳೇದನ್ನ ಒಂದ್ಸಲ ಹಾಕ್ಕೋತೀಯಾ? ಕೈ ಎತ್ತಬೇಡ, ಸುಮ್ನೆ ನಿಂತ್ಕೋ."

ಹಳೆಯ ರವಿಕೆ ತೊಟ್ಟು ಹುಡುಗಿ ಪರದೆಯಿಂದ ಹೊರಬಂದಳು. ಕಂಕುಳು ಹರಿದ, ಮಾಸಿದ ಅದೇ ರವಿಕೆ. ಒಂದು ಸುಕ್ಕಿಲ್ಲ. ಕಾಲರು ಕತ್ತಿನ ಸುತ್ತ ಅಂಗೈಯಲ್ಲಿ ಹಿಡಿದಂತೆ ನಿಂತಿತ್ತು. ಮಡಿಕೆಗಳು ಹೆಗಲಿನಿಂದ ಸೊಂಟಕ್ಕೆ ತೂಗುಬಿಟ್ಟ ದಾರದಷ್ಟು ನೇರ. ಎರಡು ಹೆಗಲೂ ತಕ್ಕಡಿಯ ತಟ್ಟೆಯ ಹಾಗೆ ಸಮ. ಹುಡುಗಿಯ ನಿಲುವೇ ಬದಲಾಗಿತ್ತು.

ಟೈಲರಮ್ಮ ಹತ್ತಿರ ಹೋದಳು. ಬಟ್ಟೆಯ ಮೇಲಿನಿಂದ ಹೆಗಲ ಮೂಳೆಯನ್ನು ಬೆರಳಲ್ಲಿ ಹುಡುಕಿ, ಟೇಪಿನ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ನೆಲದಿಂದ ಬಲಹೆಗಲಿಗೆ ಅಳೆದಳು. ಆಮೇಲೆ ಎಡಕ್ಕೆ. ಆಮೇಲೆ ಮತ್ತೊಮ್ಮೆ ಎರಡೂ.

"ನಿನ್ನ ಬ್ಯಾಗು ಯಾವ ಹೆಗಲಿಂದ ಜಾರುತ್ತೆ?"

"ಎಡ. ಯಾವಾಗ್ಲೂ. ಅದಕ್ಕೇ ಬಲಗಡೆ ಹಾಕ್ಕೋತೀನಿ. ಯಾಕೆ?"

"ನಿನ್ನ ಎಡಹೆಗಲು ಮುಕ್ಕಾಲು ಇಂಚು ಕೆಳಗಿದೆ."

"ಇಲ್ಲಪ್ಪ!" ಎಂದು ಹುಡುಗಿ ಕನ್ನಡಿಗೆ ತಿರುಗಿದಳು. ಕನ್ನಡಿಯಲ್ಲಿ ಎರಡೂ ಸಮವಾಗೇ ಇದ್ದವು.

ಕೂತಿದ್ದ ಅಜ್ಜಿ ನಿಧಾನವಾಗಿ ತಮ್ಮ ಬಲಗೈಯನ್ನು ಎಡಹೆಗಲ ಮೇಲೆ ಇಟ್ಟುಕೊಂಡರು.

"ನನಗೂ ಅದೇ ಕಡೆ ಸೆರಗು ನಿಲ್ತಿರ್ಲಿಲ್ಲ" ಎಂದರು. "ಪಿನ್ನು ಹಾಕಿ ಹಾಕಿ ಸಾಕಾಗ್ತಿತ್ತು. ಏನು ತಾಯಿ, ನನ್ನ ಹೆಗಲೂ ಹಾಗೇ ಅಂತೀಯಾ?"

ಟೈಲರಮ್ಮ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿ ಅಳೆಯಬೇಕಾಗಿರಲಿಲ್ಲ. ಕೂತ ಭಂಗಿಯಲ್ಲೇ ಕಾಣುತ್ತಿತ್ತು. ನೋಡುವವರಿಗೆ ಕಾಣುತ್ತಿತ್ತು.

"ಇದನ್ನ ಹೊಲಿದವರು ಯಾರಜ್ಜಿ?"

"ಒಬ್ಬ ಮುದುಕ. ಅಡ್ಡರಸ್ತೆಯಲ್ಲಿ ಬಾಗಿಲಷ್ಟೇ ಅಗಲದ ಅಂಗಡಿ. ನಮ್ಮಮ್ಮ ಕರ್ಕೊಂಡು ಹೋಗಿದ್ಲು. ಟೇಪು ಕತ್ತಲ್ಲಿ ನೇತಾಡ್ತಿತ್ತು, ಆದ್ರೆ ತಕ್ಷಣ ತೆಗೀಲಿಲ್ಲ. ಮಗಾ, ಆ ಗೋಡೆ ತನಕ ನಡ್ಕೊಂಡು ಹೋಗಿ ಬಾ ಅಂದ. ಹೋಗಿ ಬಂದೆ. ಮತ್ತೆ ಅಂದ. ಮೂರು ಸಲ. ನಮ್ಮಮ್ಮಂಗೆ ಸಿಟ್ಟು ಬಂತು, ಇದೇನು ಹುಡುಗೀನ ರವಿಕೆ ಹೊಲಿಸೋಕೆ ಕರ್ಕೊಂಡು ಬಂದ್ನೋ, ಮಾರೋಕೋ ಅಂತ. ಅವನು ನಕ್ಕ. ಅಷ್ಟೇ. ಹೆಗಲು ಅಂತಾಗಲಿ, ಸೊಟ್ಟ ಅಂತಾಗಲಿ ಒಂದು ಮಾತು ಹೇಳ್ಲಿಲ್ಲ ಆ ಮಹಾರಾಯ." ಅಜ್ಜಿ ಮೊಮ್ಮಗಳ ಮೈಮೇಲಿನ ಹಳೆಯ ರವಿಕೆಯನ್ನು ನೋಡಿದರು. "ಆಮೇಲೆ ನನಗೆ ಯಾವ ರವಿಕೇನೂ ಅದರ ಹಾಗೆ ಕೂರ್ಲೇ ಇಲ್ಲ. ವಯಸ್ಸಾಯ್ತಲ್ಲ, ಮೈ ಕೆಟ್ಟಿದೆ ಅಂದ್ಕೊಂಡೆ."

ಟೈಲರಮ್ಮ ಹುಡುಗಿಯ ಎಡತೋಳಿನ ಬುಗ್ಗೆಯ ನೆರಿಗೆ ಎಣಿಸಿದಳು. ಮೂವತ್ತೊಂದು. ಬಲಕ್ಕೆ ಬಂದಳು. ಇಪ್ಪತ್ತನಾಲ್ಕು. ಮತ್ತೆ ಎಣಿಸಿದಳು, ಅಷ್ಟೇ. ತಗ್ಗಿದ ಹೆಗಲಿನ ಕಡೆ ಏಳು ನೆರಿಗೆ ಹೆಚ್ಚು ಹಿಡಿದಿದ್ದ ಅವನು, ಬುಗ್ಗೆ ಅಷ್ಟೇ ಎತ್ತರ ಹೆಚ್ಚು ನಿಲ್ಲಲಿ ಎಂದು. ಹೆಗಲು ಇಳಿದಷ್ಟನ್ನು ಬುಗ್ಗೆ ಏರಿ ತುಂಬಿತ್ತು. ಎರಡು ಪದರ ಮಾಡಿ ಒಂದೇ ಕತ್ತರಿಗೆ ಕತ್ತರಿಸಿರಲಿಲ್ಲ ಅವನು. ಎಡವನ್ನು ಎಡಕ್ಕೆಂದು, ಬಲವನ್ನು ಬಲಕ್ಕೆಂದು, ಒಂದೊಂದನ್ನೂ ಬೇರೆಬೇರೆ ಕತ್ತರಿಸಿದ್ದ. ಅವಳು ಎಡವಿದ ಕುದುರೆ ಎಂದದ್ದು ಯಾರನ್ನು!

"ಅತ್ತೆ," ಎಂದಳು, "ಹೆಗಲಲ್ಲಿ ಒಂದಿಂಚು ಬಿಟ್ಟಿದ್ದೀನಿ ಅಲ್ವಾ?"

"ಬಿಟ್ಟಿದ್ದೀಯ. ನಾನು ಬೇಡ ಅಂದಿದ್ದೆ."

"ನೀವು ಬೇಡ ಅಂದಿದ್ದು ಒಳ್ಳೇದಾಯ್ತು, ಅದಕ್ಕೇ ನೆನಪಿದೆ."

ಹೊಸ ರವಿಕೆಯ ಬಲಹೆಗಲ ಕಚ್ಚಾ ಹೊಲಿಗೆಯನ್ನು ಎಳೆದಳು. ದಾರ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬಂತು, ರೇಷ್ಮೆಯ ಮೇಲೆ ಗುರುತಿಲ್ಲ. ಬಲತೋಳನ್ನೂ ಬಿಡಿಸಿದಳು. ಕತ್ತಿನ ಬುಡದಲ್ಲಿ ಇದ್ದಲ್ಲೇ ಇಟ್ಟು, ಹೆಗಲ ತುದಿಗೆ ಹೋಗುತ್ತ ಮುಂದಿನ ತುಂಡಿನಿಂದ ಅಷ್ಟು, ಹಿಂದಿನ ತುಂಡಿನಿಂದ ಅಷ್ಟು ಬಿಡುತ್ತ ಬಂದಳು. ಒಳಗೆ ಮಲಗಿದ್ದ ಬಟ್ಟೆ, ಕರೆದದ್ದಕ್ಕೇ ಕಾದಿದ್ದಂತೆ, ಮುಕ್ಕಾಲು ಇಂಚು ಮೇಲೆದ್ದಿತು. ತೋಳಿನ ಬಾಯಿ ದೊಡ್ಡದಾಯಿತು. ಅದಕ್ಕೆ ಕೂರಿಸುವಾಗ ಬುಗ್ಗೆಯ ನೆರಿಗೆಗಳು ತಾವಾಗಿಯೇ ಹರಡಿಕೊಳ್ಳಬೇಕಾಯಿತು. ಎಡದ ಅಳತೆಯಲ್ಲೇ ಕತ್ತರಿಸಿದ್ದ ತೋಳು. ಒಂದೊಂದು ನೆರಿಗೆಯನ್ನೂ ಹಳೆಯದರಷ್ಟೇ ಆಳಕ್ಕೆ ಹಿಡಿದು, ಉಳಿದದ್ದನ್ನು ಸಮ ಮಾಡಿ ಕೂರಿಸಿದಾಗ ಅತ್ತೆ ಪಕ್ಕದಲ್ಲಿ ಬಗ್ಗಿ ಎಣಿಸಿದರು.

"ಇಪ್ಪತ್ತನಾಲ್ಕು" ಎಂದರು ಅತ್ತೆ. ಸ್ವರ ತಗ್ಗಿತ್ತು, ಯಾರೋ ಮಲಗಿದ್ದಾರೆ ಎಂಬಂತೆ.

ಟೈಲರಮ್ಮ ಎಣಿಸಿ ಹಿಡಿದಿರಲಿಲ್ಲ. ಹೆಗಲು ಸರಿಯಾದರೆ ಅಷ್ಟೇ ಬರುತ್ತಿತ್ತು. ಯಾವುದೋ ಅಡ್ಡರಸ್ತೆಯ ಮುದುಕ ಅರವತ್ತು ವರ್ಷದ ಆಚೆಯಿಂದ ಅವಳ ಕೈ ಹಿಡಿದು ಗೆರೆ ತಿದ್ದಿಸಿದಂತಾಯಿತು. ಒಳಗೆ ಬಿಟ್ಟ ಆ ಒಂದಿಂಚು ಅವನು ಯಾರಿಗಾಗಿ ಬಿಟ್ಟಿದ್ದ? ಹುಡುಗಿ ಬೆಳೆಯಲಿ ಎಂದೋ, ತಾನೇ ತಪ್ಪಿದ್ದರೆ ಇರಲಿ ಎಂದೋ. ಅಂಥ ಕೈಗೂ ತಪ್ಪುವ ಭಯವಿತ್ತೆಂದು ತಿಳಿದಾಗ ಅವಳಿಗೆ ಅವನ ಮೇಲಿನ ಬೆರಗು ಇನ್ನೂ ಹೆಚ್ಚಾಯಿತು.

ಹುಡುಗಿ ಮತ್ತೆ ಹಾಕಿಕೊಂಡು ಬಂದಳು. ಈ ಸಲ ಕನ್ನಡಿಗೆ ಹೋಗಲಿಲ್ಲ, ನೇರ ಅಜ್ಜಿಯ ಮುಂದೆ ನಿಂತಳು. ಕಿಟಕಿಯ ಬಿಸಿಲಿಗೆ ತಾಮ್ರ ಹೊತ್ತಿಕೊಂಡಿತು. ಸುಕ್ಕಿಲ್ಲ. ಕಾಲರು ಕತ್ತನ್ನು ಅಪ್ಪಿತ್ತು. ಹೆಗಲೆರಡೂ ಸಮ.

ಅಜ್ಜಿ ನೋಡುತ್ತಲೇ ಇದ್ದರು. ಆಮೇಲೆ ಮೊದಲ ಬಾರಿಗೆ ಕೈ ಚಾಚಿ, ತೋಳಿನ ಪಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು.

"ಯಾರದು ಚೆನ್ನಾಗಿದೆ ಅಂತ ಈಗ ಕೇಳಿದ್ರೆ ಹೇಳೋಕಾಗಲ್ಲ ನನಗೆ" ಎಂದರು.

"ಅಳಬೇಡ ಅಜ್ಜಿ, ಬಟ್ಟೆ ಮೇಲೆ ಬೀಳುತ್ತೆ" ಎಂದಳು ಹುಡುಗಿ, ತಾನೇ ಮೂಗು ಏರಿಸುತ್ತ.

ಅವರು ಹೋದ ಮೇಲೆ ಟೈಲರಮ್ಮ ಹಲಗೆಗೆ ಸಿಕ್ಕಿಸಿದ್ದ ಕಾಗದದ ಅರ್ಧ ರವಿಕೆಯನ್ನು ತೆಗೆದಳು. ಹೊಸ ಕಾಗದ ಹಾಸಿ, ಅದರ ಪಕ್ಕಕ್ಕೆ ಬಲಗಡೆಯದನ್ನೂ ಬರೆದು, ಎರಡನ್ನೂ ಜೋಡಿಸಿ ಮೊಳೆಗೆ ನೇತುಹಾಕಿದಳು. ಅವಳ ಗೋಡೆಯ ಮೇಲಿದ್ದ ನೂರಾರು ಅರ್ಧ ರವಿಕೆಯ ಕಾಗದಗಳ ನಡುವೆ ಅದೊಂದೇ ಪೂರ್ತಿ. ಕಾದಿದ್ದ ಶಾಲಾ ಅಂಗಿಗಳ ಕಡೆ ತಿರುಗಬೇಕಿತ್ತು. ಅತ್ತೆ ಆಗಲೇ ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದರು. ಬಗ್ಗಿದ್ದ ಅವರ ಬೆನ್ನಿನ ಮೇಲೆ ರವಿಕೆ ಎಂದಿನಂತೆ ಎತ್ತಿಕೊಂಡು ನಿಂತಿತ್ತು.

ಹದಿನೆಂಟು ವರ್ಷ. ಅತ್ತೆಗೆ ವರ್ಷಕ್ಕೆ ಮೂರೋ ನಾಲ್ಕೋ ರವಿಕೆ. ಪ್ರತಿಯೊಂದನ್ನೂ ಮಡಿಸಿ, ಒಂದೇ ಕತ್ತರಿಗೆ.

"ಅತ್ತೆ, ಸ್ವಲ್ಪ ಎದ್ದು ಆ ಬಾಗಿಲ ತನಕ ಹೋಗಿ ಬನ್ನಿ."

"ಯಾಕೆ, ಯಾರು ಬಂದ್ರು?"

"ಯಾರೂ ಇಲ್ಲ. ಸುಮ್ನೆ ನಡೀರಿ, ನಾನು ನೋಡ್ಬೇಕು."

ಅತ್ತೆ ಸೂಜಿಯನ್ನು ಎದೆಯ ಮೇಲಿನ ಸೆರಗಿಗೆ ಚುಚ್ಚಿಕೊಂಡು ಎದ್ದರು. ಸೊಸೆಗೆ ತಲೆ ಕೆಟ್ಟಿದೆ ಎಂದು ಗೊಣಗುತ್ತ ಬಾಗಿಲ ತನಕ ಹೋದರು, ತಿರುಗಿದರು, ಬಂದರು. ಟೈಲರಮ್ಮ ಟೇಪನ್ನು ಕತ್ತಿನಲ್ಲೇ ಬಿಟ್ಟು, ಕೈ ಕಟ್ಟಿ ನೋಡಿದಳು.

"ಇನ್ನೊಂದ್ಸಲ" ಎಂದಳು.